ರನ್‌ವೇಗೆ ಸಾಲ: ಅಗ್ಗವಾಗಿರಲಿ, ಬಿಟ್ಟಿಯಾಗದಿರಲಿ

1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಅಂಚೆಚೀಲ ಹೊತ್ತ ಪುಟ್ಟ ಪುಸ್ ಮಾತ್ ವಿಮಾನವನ್ನು ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ಮುಂಬೈಗೆ ತಂದಿಳಿಸಿದರು. ಭಾರತೀಯ ನಾಗರಿಕ ವಿಮಾನಯಾನದ ಚರಿತ್ರೆ ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತದೆ. ಆದರೆ ಆ ಅಂಚೆ ಮುಂಬೈಯಲ್ಲಿ ನಿಲ್ಲಲಿಲ್ಲ. ಟಾಟಾ ಅವರ ಸಹೋದ್ಯೋಗಿ ನೆವಿಲ್ ವಿನ್ಸೆಂಟ್ ಅದನ್ನು ಮದರಾಸಿಗೆ ಒಯ್ದರು. ಆ ದಾರಿಯ ನಡುವಿನ ತಂಗುದಾಣ ಬಳ್ಳಾರಿ. ಟಾಟಾ ಅವರ ಮೊದಲ ವಿಮಾನ ಅಂಚೆ ಮಾರ್ಗದ ನಕ್ಷೆಯಲ್ಲಿ ಇದ್ದ ಬೆರಳೆಣಿಕೆಯ ಹೆಸರುಗಳಲ್ಲಿ ನಮ್ಮ ಬಿಸಿಲೂರೂ ಒಂದು. ಕೆಲಕಾಲದ ನಂತರ ಆ ಮಾರ್ಗ ಹೈದರಾಬಾದಿನ ಕಡೆಗೆ ತಿರುಗಿತು. ಬಳ್ಳಾರಿಯ ಆಕಾಶದ ಕತೆ ಅಂದಿನಿಂದಲೂ ಹೀಗೆಯೇ: ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ ಎಂದು ಹೇಳಲಾಗುತ್ತದೆ.

ಹಳೆಯ ವೈಭವವನ್ನು ನೆನೆದು ನಿಟ್ಟುಸಿರು ಬಿಡುವುದಕ್ಕಾಗಿ ಈ ಮಾತನ್ನು ಎತ್ತಿಲ್ಲ. ಸಣ್ಣ ಊರಿನ ವಿಮಾನ ನಿಲ್ದಾಣವೆಂಬುದು ತಂತ್ರಜ್ಞಾನದ ಪ್ರಶ್ನೆಗಿಂತ ಹೆಚ್ಚಾಗಿ ಹಣಕಾಸಿನ ಪ್ರಶ್ನೆ. ಅಂದು ಬೇಕಾಗಿದ್ದುದು ಒಂದು ಸಮತಟ್ಟಾದ ಬಯಲು ಮತ್ತು ಕೆಲವು ದೀಪಗಳು. ಇಂದು ಬೇಕಾಗಿರುವುದು ರನ್‌ವೇ, ಆವರಣ ಗೋಡೆ, ಅಗ್ನಿಶಾಮಕ ವಾಹನ, ಭದ್ರತಾ ಸಿಬ್ಬಂದಿ, ರಾತ್ರಿ ಇಳಿಯುವ ವ್ಯವಸ್ಥೆ, ಇಂಧನ ದಾಸ್ತಾನು. ಇವಕ್ಕೆ ಯಾರು ಹಣ ಹೂಡಬೇಕು, ಯಾವ ರೂಪದಲ್ಲಿ ಹೂಡಬೇಕು, ಆ ಹಣ ಎಂದಾದರೂ ಹಿಂದಿರುಗಬೇಕೇ ಎಂಬುದನ್ನು ನಾವು ಸರಿಯಾಗಿ ಚರ್ಚಿಸಿಯೇ ಇಲ್ಲ. ಶಂಕುಸ್ಥಾಪನೆಯ ದಿನ ಎಲ್ಲರೂ ಮಾತನಾಡುತ್ತಾರೆ. ಮರುಪಾವತಿಯ ದಿನ ಯಾರೂ ಮಾತನಾಡುವುದಿಲ್ಲ.

ನಮ್ಮ ಮುಂದಿರುವ ಅನುಭವ ಸಣ್ಣದೇನಲ್ಲ. ಬಳ್ಳಾರಿಯ ಹೊರವಲಯದ ಚಾಗನೂರು ಮತ್ತು ಸಿರಿವಾರ ಗ್ರಾಮಗಳ ಸುಮಾರು 900 ಎಕರೆ ಭೂಮಿಯಲ್ಲಿ ಹೊಸ ನಿಲ್ದಾಣ ಕಟ್ಟುವ ಯೋಜನೆ ರೂಪುಗೊಂಡಿತು. ತುಂಗಭದ್ರೆಯ ನೀರು ಕಂಡ ಫಲವತ್ತಾದ ನೆಲ ಅದು. ರೈತರು ಬೀದಿಗಿಳಿದು ಹೋರಾಡಿದರು. 2010ರಲ್ಲಿ ಖಾಸಗಿ ಸಂಸ್ಥೆಯೊಂದರೊಂದಿಗೆ ಒಪ್ಪಂದವೂ ಆಯಿತು. ಇಷ್ಟು ವರ್ಷಗಳಲ್ಲಿ ಅಲ್ಲಿಂದ ಒಂದೇ ಒಂದು ಪ್ರಯಾಣಿಕ ವಿಮಾನ ಹಾರಿಲ್ಲ. ಕಲಬುರಗಿ ಮತ್ತು ಶಿವಮೊಗ್ಗದ ಯೋಜನೆಗಳೂ 2008ರ ಆಸುಪಾಸಿನಲ್ಲಿ ಖಾಸಗಿ ಸಹಭಾಗಿತ್ವದ ಹೆಸರಿನಲ್ಲಿಯೇ ಆರಂಭವಾದವು; ಅರ್ಧಕ್ಕೆ ನಿಂತವು. ಕೊನೆಗೆ ಸರ್ಕಾರವೇ ಒಪ್ಪಂದ ರದ್ದುಪಡಿಸಿ, ಲೋಕೋಪಯೋಗಿ ಇಲಾಖೆಯ ಮೂಲಕ ಕಾಮಗಾರಿ ಮುಗಿಸಬೇಕಾಯಿತು. ಕಲಬುರಗಿ ನಿಲ್ದಾಣ 2019ರ ನವೆಂಬರ್ 22ರಂದು ತೆರೆಯಿತು. ಶಿವಮೊಗ್ಗದ್ದು ಸುಮಾರು 450 ಕೋಟಿ ರೂಪಾಯಿ ವೆಚ್ಚದಲ್ಲಿ ಸಿದ್ಧವಾಗಿ 2023ರ ಫೆಬ್ರುವರಿ 27ರಂದು ಉದ್ಘಾಟನೆಗೊಂಡಿತು.

ಇದರಿಂದ ತಿಳಿಯುವುದೇನು? ಸಣ್ಣ ನಿಲ್ದಾಣದಲ್ಲಿ ಲಾಭವು ಬಹಳ ತಡವಾಗಿ ಬರುತ್ತದೆ ಅಥವಾ ಬರುವುದೇ ಇಲ್ಲ. ಮಾರುಕಟ್ಟೆಯ ಬಡ್ಡಿ ತೆರುವ ಖಾಸಗಿ ಹೂಡಿಕೆದಾರ ಅಷ್ಟು ಕಾಲ ಕಾಯಲಾರ. ಅವನನ್ನು ದೂಷಿಸಿ ಪ್ರಯೋಜನವಿಲ್ಲ. ಅದು ಅವನ ಲೆಕ್ಕ. ಹಾಗೆಂದು ಸರ್ಕಾರವೇ ಎಲ್ಲವನ್ನೂ ಅನುದಾನವಾಗಿ ಸುರಿದರೆ ಮತ್ತೊಂದು ತೊಂದರೆ: ಹಿಂದಿರುಗಿಸಬೇಕಿಲ್ಲದ ಹಣಕ್ಕೆ ಬೇಡಿಕೆಯ ಮಿತಿಯೇ ಇರುವುದಿಲ್ಲ. ಪ್ರತಿ ಜಿಲ್ಲೆಗೂ ನಿಲ್ದಾಣ ಬೇಕು, ಪ್ರತಿ ನಿಲ್ದಾಣಕ್ಕೂ ಜೆಟ್ ವಿಮಾನ ಇಳಿಯುವಷ್ಟು ಉದ್ದದ ರನ್‌ವೇ ಬೇಕು ಎನ್ನುವವರೆಗೆ ಅದು ಬೆಳೆಯುತ್ತದೆ.

ಕೇಂದ್ರ ಸರ್ಕಾರ 2016ರ ಅಕ್ಟೋಬರ್‌ನಲ್ಲಿ ಪ್ರಕಟಿಸಿದ ಉಡಾನ್ ಯೋಜನೆ ಈ ಎರಡರ ನಡುವಿನ ದಾರಿ ಹುಡುಕುವ ಪ್ರಾಮಾಣಿಕ ಯತ್ನ. ಮೊದಲ ವಿಮಾನ 2017ರ ಏಪ್ರಿಲ್ 27ರಂದು ಶಿಮ್ಲಾದಿಂದ ದೆಹಲಿಗೆ ಹಾರಿತು. ಸುಮಾರು ಒಂದು ಗಂಟೆಯ ಪ್ರಯಾಣದ ನಿಗದಿತ ಸೀಟುಗಳಿಗೆ ಆರಂಭದಲ್ಲಿ 2,500 ರೂಪಾಯಿಯ ಮಿತಿ. ಅದರಿಂದ ವಿಮಾನ ಕಂಪನಿಗೆ ಆಗುವ ಕೊರತೆಯನ್ನು ಮೂರು ವರ್ಷ ಸರ್ಕಾರ ತುಂಬಿಕೊಡುತ್ತದೆ. ನಮ್ಮಂಥ ರಾಜ್ಯಗಳು ಅದರಲ್ಲಿ ಶೇ 20ರಷ್ಟು ಪಾಲು ಭರಿಸಬೇಕು. ಜೊತೆಗೆ ಭೂಮಿ, ಪೊಲೀಸ್ ಭದ್ರತೆ, ಅಗ್ನಿಶಾಮಕ ಸೇವೆಗಳನ್ನು ಒದಗಿಸಬೇಕು. ಬಳಕೆಯಿಲ್ಲದ ನಿಲ್ದಾಣಗಳ ಪುನರುಜ್ಜೀವನಕ್ಕೆಂದು ಪ್ರತ್ಯೇಕವಾಗಿ 4,500 ಕೋಟಿ ರೂಪಾಯಿಗೆ ಕೇಂದ್ರ ಸಂಪುಟ ಒಪ್ಪಿಗೆ ನೀಡಿತು.

ಫಲಿತಾಂಶವನ್ನು ಮಹಾಲೇಖಪಾಲರು 2023ರ ವರದಿಯಲ್ಲಿ ಅಂಕಿಗಳಲ್ಲಿಟ್ಟಿದ್ದಾರೆ. ಯೋಜನೆಯ ಮೂರನೇ ಸುತ್ತಿನವರೆಗೆ ಹಂಚಿದ 774 ಮಾರ್ಗಗಳಲ್ಲಿ 403 ಆರಂಭವೇ ಆಗಲಿಲ್ಲ. ಆರಂಭವಾದ 371ರಲ್ಲಿ ಮೂರು ವರ್ಷದ ರಿಯಾಯಿತಿ ಅವಧಿಯನ್ನು ಪೂರೈಸಿದವು 112. ಅವಧಿ ಮುಗಿದು ಸಹಾಯಧನ ನಿಂತ ಮೇಲೂ, 2023ರ ಮಾರ್ಚ್‌ವರೆಗೆ ಉಳಿದುಕೊಂಡವು 54 ಮಾತ್ರ. ನೂರು ಸಸಿ ನೆಟ್ಟು ಏಳು ಗಿಡ ಉಳಿಸಿಕೊಂಡ ತೋಟಗಾರಿಕೆ ಎನ್ನೋಣ. ತೋಟಗಾರನ ಶ್ರದ್ಧೆಯನ್ನು ನಾನು ಸಂದೇಹಿಸುವುದಿಲ್ಲ. ನೀರೆರೆದ ಜಾಗ ಸರಿಯಿತ್ತೇ ಎಂದು ಕೇಳುತ್ತೇನೆ.

ಉಡಾನ್‌ನ ನಿರಂತರ ನೆರವು ಹೋಗುವುದು ಮುಖ್ಯವಾಗಿ ಸೀಟಿಗೆ. ವಿಮಾನ ಕಂಪನಿ ಹೊರಟುಹೋದರೆ ಆ ಹಣದ ಕುರುಹೂ ಊರಿನಲ್ಲಿ ಉಳಿಯುವುದಿಲ್ಲ. ನಮ್ಮ ರಾಜ್ಯದಲ್ಲಿಯೇ ನೋಡಿ: ಜಿಂದಾಲ್ ಉಕ್ಕಿನ ಕಾರ್ಖಾನೆಯ ತೋರಣಗಲ್ಲಿನ ವಿದ್ಯಾನಗರ ರನ್‌ವೇಗೆ 2017ರಲ್ಲಿ ಹೈದರಾಬಾದಿನಿಂದ ಟ್ರೂಜೆಟ್ ವಿಮಾನ ಬಂತು. 2020ರ ಫೆಬ್ರುವರಿಯಲ್ಲಿ ಬೀದರಿಗೂ ಅದೇ ಕಂಪನಿ ಬಂತು. 2022ರ ಹೊತ್ತಿಗೆ ಆ ಕಂಪನಿಯೇ ಹಾರಾಟ ನಿಲ್ಲಿಸಿತು. ಉಡಾನ್‌ಗೂ ಮೊದಲು ಮೈಸೂರಿನ ಮಂಡಕಳ್ಳಿಯಲ್ಲಿ ಇದೇ ನಡೆದಿತ್ತು: 2010ರಲ್ಲಿ ನವೀಕೃತ ನಿಲ್ದಾಣದಿಂದ ಹಾರತೊಡಗಿದ ಕಿಂಗ್‌ಫಿಷರ್, 2011ರಲ್ಲಿ ಹಿಂದೆ ಸರಿಯಿತು. ಕಂಪನಿ ಹೋದರೂ ನಿಲ್ದಾಣ ಸುಸ್ಥಿತಿಯಲ್ಲಿದ್ದರೆ ಮತ್ತೊಂದು ಕಂಪನಿ ಬರುತ್ತದೆ. ಮೈಸೂರಿಗೂ ಬೀದರಿಗೂ ಮತ್ತೆ ವಿಮಾನ ಬಂದದ್ದು ಹಾಗೆಯೇ. ಆದ್ದರಿಂದ ಸಾರ್ವಜನಿಕ ಹಣ ಊರಲ್ಲಿ ಉಳಿಯುವ ಆಸ್ತಿಯ ಮೇಲೆ ಹೂಡಿಕೆಯಾಗುವುದು ಲೇಸು.

ಇಲ್ಲಿಯೇ ಕಡಿಮೆ ಬಡ್ಡಿಯ ಸಾರ್ವಜನಿಕ ಸಾಲದ ವಿಚಾರ ಬರುತ್ತದೆ. ಸಣ್ಣ ನಿಲ್ದಾಣವೊಂದಕ್ಕೆ ಹ್ಯಾಂಗರ್, ಇಂಧನ ದಾಸ್ತಾನು, ರಾತ್ರಿ ದೀಪಗಳು ಸೇರಿ 10 ಕೋಟಿ ರೂಪಾಯಿಯ ಸುಧಾರಣೆ ಬೇಕು ಎಂದು ಭಾವಿಸಿ. 20 ವರ್ಷಗಳ ಸಮಾನ ಕಂತುಗಳಲ್ಲಿ ತೀರಿಸುವುದಾದರೆ ಶೇ 9ರ ಬಡ್ಡಿಗೆ ವರ್ಷಕ್ಕೆ ಸುಮಾರು 1 ಕೋಟಿ 10 ಲಕ್ಷ ಕಟ್ಟಬೇಕು. ಶೇ 4ರ ಬಡ್ಡಿಗೆ ಅದೇ ಕಂತು 74 ಲಕ್ಷಕ್ಕಿಂತ ಕಡಿಮೆ. ವರ್ಷಕ್ಕೆ 36 ಲಕ್ಷದ ಈ ವ್ಯತ್ಯಾಸ ದೊಡ್ಡ ನಗರದ ನಿಲ್ದಾಣಕ್ಕೆ ನಗಣ್ಯ. ದಿನಕ್ಕೆ ಒಂದೆರಡು ವಿಮಾನ ಕಾಣುವ ನಿಲ್ದಾಣಕ್ಕೆ ಅದು ಬದುಕು ಸಾವಿನ ಅಂತರ. ಸರ್ಕಾರ ಇಲ್ಲಿ ಭರಿಸುವುದು ಬಡ್ಡಿಯ ಅಂತರವನ್ನು ಮಾತ್ರ. ಅಸಲು ಹಿಂದಿರುಗಿ ಬಂದು ಮತ್ತೊಂದು ಊರಿಗೆ ಹೋಗುತ್ತದೆ.

ಇದು ನನ್ನ ಕಲ್ಪನೆಯ ಕೂಸಲ್ಲ. ಅಮೆರಿಕದಲ್ಲಿ ಒಕ್ಕೂಟ ಸರ್ಕಾರ 1982ರಿಂದ ನಿಲ್ದಾಣ ಸುಧಾರಣೆಗೆ ಅನುದಾನ ನೀಡುತ್ತಿದೆ. ಅದು ರನ್‌ವೇ, ಸುರಕ್ಷತೆಯಂತಹ ಆದಾಯ ತರದ ಕಾಮಗಾರಿಗಳಿಗೆ ಆದ್ಯತೆ ಕೊಡುವುದರಿಂದ, ಉಳಿದ ಭಾಗಕ್ಕೆ ಕೆಲವು ರಾಜ್ಯಗಳು ತಮ್ಮದೇ ಸಾಲನಿಧಿ ಮಾಡಿಕೊಂಡಿವೆ. ಮಿನ್ನೆಸೋಟ ರಾಜ್ಯ ಪುರಸಭೆಗಳ ನಿಲ್ದಾಣಗಳಿಗೆ ಹ್ಯಾಂಗರ್ ಕಟ್ಟಲು ಬಡ್ಡಿರಹಿತ ಸಾಲ ಕೊಡುತ್ತದೆ. ಕಂತುಗಳು ಬಂದಂತೆ ಮುಂದಿನ ಊರಿಗೆ ಸಾಲ. ವರ್ಜೀನಿಯಾದಲ್ಲಿ ನಿಲ್ದಾಣಗಳಿಗೆಂದೇ ಒಂದು ಆವರ್ತ ನಿಧಿ ಇದೆ. ಕ್ಯಾಲಿಫೋರ್ನಿಯಾದಲ್ಲಿ ರಾಜ್ಯದ ಸಾರಿಗೆ ಇಲಾಖೆಯೇ ಸ್ಥಳೀಯ ನಿಲ್ದಾಣಗಳಿಗೆ ಸಾಲ ನೀಡುತ್ತದೆ. ಇವೆಲ್ಲದರಲ್ಲಿ ಕಾಣುವ ವಿವೇಕವೊಂದಿದೆ: ಆದಾಯ ತರದ ಸುರಕ್ಷತಾ ಕಾಮಗಾರಿಗೆ ಅನುದಾನ, ಬಾಡಿಗೆ ತರುವ ಆಸ್ತಿಗೆ ಸಾಲ.

ನಮ್ಮಲ್ಲಿಯೂ ಇಂತಹ ಪದ್ಧತಿಗಳು ಅಪರಿಚಿತವಲ್ಲ. 1995-96ರಲ್ಲಿ ನಬಾರ್ಡ್‌ನಲ್ಲಿ ಸ್ಥಾಪಿತವಾದ ಗ್ರಾಮೀಣ ಮೂಲಸೌಕರ್ಯ ಅಭಿವೃದ್ಧಿ ನಿಧಿಯು, ಆದ್ಯತಾ ವಲಯಕ್ಕೆ ಸಾಲ ಕೊಡುವ ಗುರಿ ತಪ್ಪಿದ ಬ್ಯಾಂಕುಗಳಿಂದ ಹಣ ಪಡೆದು ರಾಜ್ಯಗಳಿಗೆ ಅಗ್ಗದ ಬಡ್ಡಿಯಲ್ಲಿ ನೀಡುತ್ತಿದೆ. ಹಳ್ಳಿಯ ಎಷ್ಟೋ ಸೇತುವೆ, ರಸ್ತೆಗಳ ಹಿಂದೆ ಆ ಸಾಲವಿದೆ. ಕರ್ನಾಟಕವಂತೂ 2005ರಲ್ಲಿ ಬೆಂಗಳೂರಿನ ಸುತ್ತಲಿನ ಎಂಟು ನಗರಾಡಳಿತ ಸಂಸ್ಥೆಗಳ ಕುಡಿಯುವ ನೀರಿನ ಯೋಜನೆಗಾಗಿ ಸಂಯುಕ್ತ ನಿಧಿಯೊಂದನ್ನು ರಚಿಸಿ 100 ಕೋಟಿ ರೂಪಾಯಿಯ ಬಾಂಡ್ ಮಾರಿತು. ಒಂಟಿಯಾಗಿ ಮಾರುಕಟ್ಟೆಗೆ ಹೋಗಲಾರದ ಸಣ್ಣ ಊರುಗಳು ಒಟ್ಟಾಗಿ ಹೋದಾಗ ಸಾಲ ಸಿಕ್ಕಿತು. ಶಿವಮೊಗ್ಗ, ವಿಜಯಪುರ, ಹಾಸನ, ರಾಯಚೂರು, ಬಳ್ಳಾರಿಗಳ ನಿಲ್ದಾಣಗಳನ್ನು ಇದೇ ರೀತಿ ಒಂದೇ ನಿಧಿಯ ಸೂರಿನಡಿ ತರಲು ಅಡ್ಡಿಯೇನು?

ಅಡ್ಡಿಗಳು ಇವೆ, ಅವನ್ನು ಮುಚ್ಚಿಡಬಾರದು. ಮೊದಲನೆಯದು ಸಂವಿಧಾನದ್ದು. ವಿಮಾನ ನಿಲ್ದಾಣ ಕೇಂದ್ರ ಪಟ್ಟಿಯ 29ನೇ ವಿಷಯ. ಅಧಿಕಾರ ದೆಹಲಿಯದು, ಭೂಮಿ ಮತ್ತು ಹೊರೆ ರಾಜ್ಯದ್ದು. ಕೇಂದ್ರಕ್ಕೆ ಸಾಲ ಬಾಕಿಯಿರುವ ರಾಜ್ಯವು ಹೊಸ ಸಾಲ ಎತ್ತಲು 293ನೇ ವಿಧಿಯಂತೆ ಕೇಂದ್ರದ ಸಮ್ಮತಿ ಬೇಕು. ಆದ್ದರಿಂದ ಇಂತಹ ನಿಧಿಯಲ್ಲಿ ಕೇಂದ್ರವೂ ಪಾಲುದಾರನಾಗಬೇಕಾದುದು ನ್ಯಾಯ. 2025ರ ಬಜೆಟ್‌ನಲ್ಲಿ ಪರಿಷ್ಕೃತ ಉಡಾನ್ ಮೂಲಕ ಹತ್ತು ವರ್ಷಗಳಲ್ಲಿ 120 ಹೊಸ ತಾಣಗಳನ್ನು ಸೇರಿಸುವುದಾಗಿ ಕೇಂದ್ರವೇ ಹೇಳಿರುವಾಗ ಈ ಬೇಡಿಕೆ ಅನುಚಿತವಲ್ಲ.

ಎರಡನೆಯ ಅಡ್ಡಿ ಆದಾಯದ್ದು. ಉಡಾನ್ ವಿಮಾನಗಳಿಂದ ನಿಲ್ದಾಣವು ಇಳಿದಾಣ ಶುಲ್ಕವನ್ನಾಗಲೀ ನಿಲುಗಡೆ ಶುಲ್ಕವನ್ನಾಗಲೀ ಪಡೆಯುವಂತಿಲ್ಲ. ಅಂದರೆ ಸಣ್ಣ ನಿಲ್ದಾಣಕ್ಕೆ ಬರುವ ಮುಖ್ಯ ಗಿರಾಕಿಯೇ ಬಾಡಿಗೆ ಕೊಡದ ಅತಿಥಿ. ಸಾಲದ ಕಂತು ಬೇರೆ ಕಡೆಯಿಂದ ಬರಬೇಕು: ಹ್ಯಾಂಗರ್ ಬಾಡಿಗೆ, ಇಂಧನ, ವಾಹನ ನಿಲುಗಡೆ, ಮಳಿಗೆಗಳು, ಹಾರಾಟ ತರಬೇತಿ. ಕೊನೆಯದು ಕನಸಲ್ಲ. ವಿಮಾನ ನಿಲ್ದಾಣ ಪ್ರಾಧಿಕಾರವು 2021ರಲ್ಲಿ ಹಾರಾಟ ತರಬೇತಿ ಸಂಸ್ಥೆಗಳಿಗೆ ಜಾಗ ನೀಡಿದ ಐದು ನಿಲ್ದಾಣಗಳಲ್ಲಿ ಬೆಳಗಾವಿ ಮತ್ತು ಕಲಬುರಗಿ ಎರಡೂ ನಮ್ಮವೇ. ಪ್ರಯಾಣಿಕ ವಿಮಾನ ವಾರಗಟ್ಟಲೆ ಬಾರದಿದ್ದರೂ ತರಬೇತಿಯ ವಿಮಾನಗಳು ರನ್‌ವೇಯನ್ನು ಜೀವಂತವಾಗಿಡುತ್ತವೆ.

ಮೂರನೆಯ ಅಡ್ಡಿ ನಮ್ಮ ಆಡಳಿತ ಸಂಸ್ಕೃತಿಯದು, ಮತ್ತು ಇದೇ ದೊಡ್ಡದು. ನನ್ನ ಸೇವಾವಧಿಯಲ್ಲಿ ಸಾರ್ವಜನಿಕ ನಿಗಮಗಳಿಗೆ ಕೊಟ್ಟ ಸಾಲಗಳ ಕಡತಗಳನ್ನು ಹತ್ತಿರದಿಂದ ಕಂಡಿದ್ದೇನೆ. ಮೊದಲು ಕಂತು ಮುಂದೂಡಿಕೆ, ನಂತರ ಬಡ್ಡಿ ಮನ್ನಾ, ಆಮೇಲೆ ಸಾಲವನ್ನು ಷೇರು ಬಂಡವಾಳವಾಗಿ ಪರಿವರ್ತಿಸುವ ಆದೇಶ. ಕೊನೆಗೆ ಲೆಕ್ಕಪುಸ್ತಕದಲ್ಲಿ ಒಂದು ಸಾಲು ಮಾತ್ರ ಉಳಿಯುತ್ತದೆ. ಕಂತು ಕಟ್ಟದಿದ್ದರೆ ಏನೂ ಆಗುವುದಿಲ್ಲ ಎಂದು ಸಾಲಗಾರನಿಗೆ ಗೊತ್ತಿರುವ ಕಡೆ ಸಾಲಕ್ಕೂ ಅನುದಾನಕ್ಕೂ ಹೆಸರಿನ ಹೊರತು ಭೇದವಿಲ್ಲ.

ಈ ಕಾರಣದಿಂದಲೇ ರಾಜ್ಯಗಳ ಬಂಡವಾಳ ವೆಚ್ಚಕ್ಕೆ ಕೇಂದ್ರವು 2020-21ರಿಂದ ಕೊಡುತ್ತಿರುವ 50 ವರ್ಷಗಳ ಬಡ್ಡಿರಹಿತ ಸಾಲವನ್ನು ಸಣ್ಣ ನಿಲ್ದಾಣಗಳಿಗೆ ಮಾದರಿಯಾಗಿ ನಾನು ಒಪ್ಪಲಾರೆ. 12 ಸಾವಿರ ಕೋಟಿ ರೂಪಾಯಿಯಿಂದ ಆರಂಭವಾದ ಆ ಯೋಜನೆಗೆ 2025-26ರಲ್ಲಿ ಒಂದೂವರೆ ಲಕ್ಷ ಕೋಟಿ ಒದಗಿಸಲಾಯಿತು. ರಸ್ತೆ, ನೀರಾವರಿಗಳಿಗೆ ಅದರಿಂದ ಒಳಿತಾಗಿದೆ. ಆದರೆ ಲೆಕ್ಕ ಹಾಕಿ ನೋಡಿ. 50 ವರ್ಷಗಳ ನಂತರ ಕೊಡಬೇಕಾದ 100 ರೂಪಾಯಿಗೆ, ಶೇ 7ರ ದರದಲ್ಲಿ ಇಂದಿನ ಬೆಲೆ ಮೂರೂವರೆ ರೂಪಾಯಿಯೂ ಇಲ್ಲ. ಅದು ಸಾಲದ ಅಂಗಿ ತೊಟ್ಟ ಅನುದಾನ. ಅಂತಹ ಹಣಕ್ಕೆ ಅರ್ಜಿ ಹಾಕುವ ಜಿಲ್ಲೆ ತನ್ನಲ್ಲಿ ಎಷ್ಟು ಪ್ರಯಾಣಿಕರಿದ್ದಾರೆ ಎಂದು ಎಣಿಸುವ ಗೋಜಿಗೆ ಹೋಗುವುದಿಲ್ಲ. ಶೇ 4ರ ಬಡ್ಡಿಯನ್ನೂ ಕಂತನ್ನೂ ಹತ್ತಿರದ ವರ್ಷಗಳಲ್ಲಿಯೇ ಕಟ್ಟಬೇಕಾದ ಜಿಲ್ಲೆ ಎಣಿಸಿಯೇ ಎಣಿಸುತ್ತದೆ. ಸಾಲದ ನಿಜವಾದ ಉಪಯೋಗ ಹಣ ಒದಗಿಸುವುದಷ್ಟೇ ಅಲ್ಲ. ಸುಳ್ಳು ಬೇಡಿಕೆಯನ್ನು ಜರಡಿ ಹಿಡಿಯುವುದು.

ಈಗ ಕುರುಗೋಡಿನ ಪ್ರಶ್ನೆಗೆ ಬರೋಣ. ದೊಡ್ಡಬಸವೇಶ್ವರನ ಏಕಶಿಲಾ ನಂದಿಯಿಂದ ಹೆಸರಾದ, 2017ರ ಬಜೆಟ್‌ನಲ್ಲಿ ತಾಲ್ಲೂಕಾಗಿ ಘೋಷಿತವಾದ ಈ ಊರು ಬಳ್ಳಾರಿ ಮತ್ತು ತೋರಣಗಲ್ಲು ಎರಡಕ್ಕೂ ಹತ್ತಿರದಲ್ಲಿದೆ. ಇಲ್ಲಿನ ರೈತ ಮೆಣಸಿನಕಾಯಿ ಬೆಳೆದು ದೂರದ ಬ್ಯಾಡಗಿ ಮಾರುಕಟ್ಟೆಯತ್ತ ನೋಡುತ್ತಾನೆ. ಪಕ್ಕದ ಸಿರುಗುಪ್ಪದವನು ಭತ್ತ ಬೆಳೆಯುತ್ತಾನೆ. ಬೆಂಗಳೂರಿಗೆ ಹೋಗಬೇಕಾದರೆ ಬಳ್ಳಾರಿಗೆ ಬಂದು ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಇಳಿಯುತ್ತಾನೆ. ಅವನು ಕೇಳಬಹುದು: ನಾನು ಹತ್ತದ ವಿಮಾನಕ್ಕೆ ನನ್ನ ತೆರಿಗೆಯ ಹಣ ಏಕೆ?

ಈ ಪ್ರಶ್ನೆಗೆ ‘ಅಭಿವೃದ್ಧಿ’ ಎಂಬ ಒಂದು ಪದದ ಉತ್ತರ ಸಾಲದು. ಅನುದಾನದ ಪಕ್ಷದಲ್ಲಿ ನಿಂತು ಅವನಿಗೆ ಪ್ರಾಮಾಣಿಕ ಉತ್ತರ ಕೊಡಲಾಗದು. ಸಾಲದ ಪಕ್ಷದಲ್ಲಿ ನಿಂತರೆ ಕೊಡಬಹುದು: ಬಳಸುವವರೇ ತೀರಿಸುತ್ತಾರೆ, ನೀನು ಕೊಟ್ಟದ್ದು ಜಾಮೀನು ಮತ್ತು ಬಡ್ಡಿಯ ಒಂದಂಶ, ತುರ್ತಿನಲ್ಲಿ ರೋಗಿಯನ್ನು ಸಾಗಿಸುವ ವಿಮಾನ ರಾತ್ರಿಯೂ ಇಳಿಯಲು ಸಾಧ್ಯವಾದರೆ ಅದು ನಿನಗೂ ಸಲ್ಲುವ ಲಾಭ. ಬಳ್ಳಾರಿಯ ಜೀನ್ಸ್ ಉದ್ಯಮಿ, ಉಕ್ಕಿನ ಕಾರ್ಖಾನೆಗೆ ಬರುವ ಎಂಜಿನಿಯರ್, ಹಂಪಿ ನೋಡಲು ಬರುವ ಪ್ರವಾಸಿ, ಇವರು ತೆರುವ ಶುಲ್ಕದಲ್ಲಿ ಕಂತು ಹುಟ್ಟಬೇಕು. ಹುಟ್ಟುವುದಿಲ್ಲವೆಂದು ಲೆಕ್ಕ ಹೇಳಿದರೆ ಆ ಕಾಮಗಾರಿ ಬೇಡ. ಗಣಿಬಾಧಿತ ಹಳ್ಳಿಗಳ ಕುಡಿಯುವ ನೀರು, ಆಸ್ಪತ್ರೆ, ಶಾಲೆಗಳಿಗೆಂದಿರುವ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣದತ್ತ ಮಾತ್ರ ಯಾರೂ ಕೈಚಾಚಬಾರದು.

ಇನ್ನು ಎಲ್ಲಿ ಹೂಡಬೇಕು? ಕಾರ್ಖಾನೆಯ ಸ್ವಂತ ರನ್‌ವೇ ತೋರಣಗಲ್ಲಿನಲ್ಲಿ ಇರುವಾಗ, ಬಳ್ಳಾರಿಯ ಮಗ್ಗುಲಲ್ಲಿ ನೂರಾರು ಕೋಟಿಯ ಮತ್ತೊಂದನ್ನು ಕಟ್ಟುವುದು ಎರಡನ್ನೂ ಸೊರಗಿಸುವ ದಾರಿ. ಹಾಗೆಂದು ಖಾಸಗಿ ಆಸ್ತಿಗೆ ಅಗ್ಗದ ಸಾರ್ವಜನಿಕ ಸಾಲವನ್ನು ಸುರಿಯುವುದೂ ಸಲ್ಲ. ನಡುವಿನ ದಾರಿ ಇದೆ: ರನ್‌ವೇಗೆ ಸಾರ್ವಜನಿಕರ ಪ್ರವೇಶವನ್ನು ಖಾತರಿಪಡಿಸುವ ದೀರ್ಘಾವಧಿ ಒಪ್ಪಂದವೊಂದನ್ನು ಸರ್ಕಾರ ಮೊದಲು ಮಾಡಿಕೊಳ್ಳಲಿ, ಸಾಲದ ಹಣ ಸರ್ಕಾರದ ಒಡೆತನದ ಭೂಮಿಯಲ್ಲಿ ಏಳುವ ಟರ್ಮಿನಲ್, ಸರಕು ಕೊಠಡಿ, ಹ್ಯಾಂಗರ್‌ಗಳಿಗೆ ಮಾತ್ರ ಹೋಗಲಿ. ಅಂತಹ ಒಪ್ಪಂದ ಕುದುರದಿದ್ದರೆ ಆಗ ಬೇರೆ ಜಾಗದ ಮಾತು.

ಚಾಗನೂರಿನ ಭೂಮಿಯ ವಿಷಯವನ್ನು ಇಷ್ಟರಿಂದ ಬದಿಗಿಡಲಾಗದು. ಐದು ವರ್ಷ ಬಳಸದೆ ಬಿಟ್ಟ ಸ್ವಾಧೀನಭೂಮಿ ಮೂಲ ಮಾಲೀಕರಿಗೆ ಅಥವಾ ಭೂಬ್ಯಾಂಕಿಗೆ ಮರಳಬೇಕೆಂಬ ತತ್ವವನ್ನು 2013ರ ಭೂಸ್ವಾಧೀನ ಕಾಯ್ದೆ ಒಪ್ಪಿದೆ. ಅದಕ್ಕೂ ಹಿಂದಿನ ಸ್ವಾಧೀನಕ್ಕೆ ಅಕ್ಷರಶಃ ಅನ್ವಯಿಸಲಿ ಬಿಡಲಿ, ತತ್ವವಂತೂ ನ್ಯಾಯವಾದುದು. ನಿಲ್ದಾಣ ಕಟ್ಟುವುದಾದರೆ ದಿನಾಂಕ ಹೇಳಬೇಕು; ಇಲ್ಲವಾದರೆ ರೈತರೊಂದಿಗೆ ಕುಳಿತು ಆ ನೆಲದ ಭವಿಷ್ಯವನ್ನು ತೀರ್ಮಾನಿಸಬೇಕು. ನೀರಾವರಿಯ ನೆಲವನ್ನು ಅನಿಶ್ಚಯದಲ್ಲಿಡುವುದಕ್ಕೂ ಒಂದು ಬಡ್ಡಿಯಿದೆ. ಅದನ್ನು ಇದುವರೆಗೆ ತೆತ್ತವರು ವಿಮಾನ ಹತ್ತುವವರಲ್ಲ.

ನನ್ನ ಸಲಹೆಯನ್ನು ಸಂಕ್ಷೇಪಿಸುವುದಾದರೆ: ರಾಜ್ಯ ಮತ್ತು ಕೇಂದ್ರಗಳ ಪಾಲಿನೊಂದಿಗೆ ಸಣ್ಣ ನಿಲ್ದಾಣಗಳಿಗೆ ಒಂದು ಆವರ್ತ ಸಾಲನಿಧಿ ಇರಲಿ. ಅದು ಹೊಸ ನಿಲ್ದಾಣಕ್ಕಲ್ಲ, ಇರುವುದರ ಸುಧಾರಣೆಗೆ ಮಾತ್ರ ಮೀಸಲಾಗಿರಲಿ. ಸುರಕ್ಷತಾ ಕಾಮಗಾರಿಗೆ ಅನುದಾನ, ಆದಾಯದ ಕಾಮಗಾರಿಗೆ ಸಾಲ ಎಂಬ ಗೆರೆ ಸ್ಪಷ್ಟವಿರಲಿ. ಮೊದಲ ಎರಡು ಮೂರು ವರ್ಷ ಕಂತಿಗೆ ವಿರಾಮ ಕೊಡಲಿ. ನಂತರ ಕಂತು ತಪ್ಪಿದ ನಿಲ್ದಾಣಕ್ಕೆ ಹೊಸ ಸಾಲ ಇಲ್ಲವೆಂಬ ನಿಯಮವನ್ನು ಮಂತ್ರಿಮಂಡಲವೂ ಸಡಿಲಿಸಲಾಗದಂತೆ ಶಾಸನದಲ್ಲಿಯೇ ಬರೆಯಲಿ. ಪ್ರತಿ ನಿಲ್ದಾಣದ ಪ್ರಯಾಣಿಕರ ಸಂಖ್ಯೆ, ಆದಾಯ, ಬಾಕಿ ಕಂತು ಇವು ವರ್ಷಕ್ಕೊಮ್ಮೆ ವಿಧಾನಮಂಡಲದ ಮುಂದೆ ಬರಲಿ.

ಈ ಶಿಸ್ತಿಗೆ ಒಪ್ಪುವ ಊರುಗಳು ಕಡಿಮೆ ಇರಬಹುದು. ಅದು ಯೋಜನೆಯ ಸೋಲಲ್ಲ. ತೀರಿಸುವ ಧೈರ್ಯವಿರುವ ನಾಲ್ಕು ನಿಲ್ದಾಣಗಳಿಂದ ಮರಳಿದ ಹಣ ಐದನೆಯದಕ್ಕೆ ದಾರಿಯಾಗುತ್ತದೆ; ತೀರಿಸುವ ಉದ್ದೇಶವೇ ಇಲ್ಲದ ನಲವತ್ತರಿಂದ ದೊರೆಯುವುದು ನಲವತ್ತು ಶಿಲಾಫಲಕಗಳು ಮಾತ್ರ. ಬಳ್ಳಾರಿ ಈ ನಾಲ್ಕರಲ್ಲಿ ಒಂದಾಗಬಲ್ಲುದೇ ಎಂಬುದಕ್ಕೆ ಉತ್ತರ ಬೆಂಗಳೂರಿನಲ್ಲಿಲ್ಲ, ದೆಹಲಿಯಲ್ಲಿಯೂ ಇಲ್ಲ. ನಮಗೆ ವಿಮಾನ ಬೇಕು ಎನ್ನುವ ಜಿಲ್ಲೆಯ ವರ್ತಕರು, ಉದ್ಯಮಿಗಳು, ಜನಪ್ರತಿನಿಧಿಗಳು ಕಂತಿನ ಕಾಗದಕ್ಕೆ ಸಹಿ ಹಾಕಲು ಸಿದ್ಧರಿದ್ದಾರೆಯೇ ಎಂಬುದರಲ್ಲಿದೆ.